ಸೀಸದ ಪಾಟಿಗೊಂದು ಫ್ಯಾನು

ನಮ್ಮ ಫ್ಯಾಕ್ಟರಿಯಲ್ಲಿ ನಗುವುದಕ್ಕೆ ಯಾರೂ ಜೋಕು ಹೇಳಬೇಕಾಗಿಲ್ಲ. ವಾರಕ್ಕೊಂದಾದರೂ ತಾನಾಗಿಯೇ ಬಂದು ಬೀಳುತ್ತದೆ. ನಕ್ಕು ಮುಗಿಸಿದ ಮೇಲೆ ಹೊಟ್ಟೆಯಲ್ಲಿ ಉರಿ ಉಳಿಯುತ್ತದೆ, ಅಷ್ಟೇ ತೊಂದರೆ.

ಫ್ಯಾಕ್ಟರಿ ಇರುವುದು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಕಟ್ಟಡದ ಮೊದಲನೇ ಮಹಡಿಯಲ್ಲಿ. ಕೆಳಗೆ ಒಂದು ದರ್ಶಿನಿ. ನಾವು ಎಲೆಕ್ಟ್ರಾನಿಕ್ ಬೋರ್ಡು ಮಾಡುತ್ತೇವೆ. ನನ್ನದು ಕಂಪ್ಲಯನ್ಸ್ ಕೆಲಸ. ಅಂದರೆ, ನಮ್ಮ ಮಾಲಿನಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಇತ್ಯಾದಿ ವಿಷಗಳಿಲ್ಲ ಎಂದು ಕೊಳ್ಳುವವರಿಗೆ ಖಾತ್ರಿ ಕೊಡುವುದು. ಅತ್ತಿಗುಪ್ಪೆಯ ಮನೆಯಲ್ಲಿ ನಮ್ಮಮ್ಮನಿಗೆ ಇದನ್ನು ಎಷ್ಟೋ ಸಲ ವಿವರಿಸಿದ್ದೇನೆ. “ಏನೂ ಇಲ್ಲ ಅಂತ ಹೇಳೋಕೂ ಸಂಬಳ ಕೊಡ್ತಾರೇನೋ?” ಎಂದು ಇವತ್ತಿಗೂ ಕೇಳುತ್ತಾಳೆ.

ಹಳದಿ ಟೇಪು

ನಮ್ಮಲ್ಲಿ ನೆಲದ ಮಧ್ಯೆ ಒಂದು ಹಳದಿ ಟೇಪು ಅಂಟಿಸಿದೆ. ಟೇಪಿನ ಆಚೆ ಯುರೋಪಿಗೆ ಹೋಗುವ ಬೋರ್ಡುಗಳು, ಅವಕ್ಕೆ ಸೀಸವಿಲ್ಲದ ಬೆಸುಗೆ. ಈಚೆ ನಮ್ಮ ಕಡೆಯ ಮೋಟಾರ್ ಸ್ಟಾರ್ಟರುಗಳಿಗೆ ಹೋಗುವ ಬೋರ್ಡುಗಳು. ಅವನ್ನು ಕೊಳ್ಳುವವರು ಯಾರೂ ಸೀಸದ ಮಾತೆತ್ತುವುದಿಲ್ಲ, ಆದ್ದರಿಂದ ಅವಕ್ಕೆ ಸೀಸದ್ದೇ ಬೆಸುಗೆ.

ಈ ಸೀಸದ ಬೆಸುಗೆಯನ್ನು ಕರಗಿಸುವ ಪಾಟನ್ನು ನೋಡಿಕೊಳ್ಳುವುದು ಮೂಡಲಪಾಳ್ಯದಿಂದ ಬರುವ ಒಬ್ಬ ಹೆಂಗಸು. ಎಲ್ಲರೂ ಅಕ್ಕ ಎನ್ನುತ್ತೇವೆ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಕರಗಿದ ಬೆಸುಗೆಯ ಮೇಲೆ ಬೂದು ಪೊರೆ ಕಟ್ಟುತ್ತದೆ. ಅದನ್ನು ಆಗಾಗ ಕೆರೆದು ತೆಗೆಯಬೇಕು, ಕೆರೆದರೆ ಪುಡಿ ಏಳುತ್ತದೆ. ಪಾಟಿನ ಮೇಲೆ ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನಿಗೆಂದು ಬಿಟ್ಟ ದುಂಡನೆಯ ತೂತಿದೆ. ಫ್ಯಾನಿಲ್ಲ.

ಅಕ್ಕ ಸುಸ್ತು, ಹೊಟ್ಟೆನೋವು ಎಂದು ವಿಜಯನಗರದ ಡಾಕ್ಟರ ಹತ್ತಿರ ಹೋಗಿದ್ದರು. ಅವರು ರಕ್ತ ಪರೀಕ್ಷೆ ಮಾಡಿಸಿ, ಸೀಸ ಜಾಸ್ತಿ ಇದೆ, ಕೆಲಸ ಬಿಡಿ, ಆಗದಿದ್ದರೆ ಒಂದು ಫ್ಯಾನಾದರೂ ಹಾಕಿಸಿಕೊಳ್ಳಿ ಎಂದರು. ಮನೆ ನಡೆಯುವುದು ಅಕ್ಕನ ದುಡಿಮೆಯಿಂದಲೇ, ಬಿಡುವ ಹಾಗಿಲ್ಲ. ಅವತ್ತಿನಿಂದ ಅವರು ಕೇಳುತ್ತಿರುವುದು ಒಂದೇ, ಆ ತೂತಿಗೊಂದು ಫ್ಯಾನು.

ಹೊರದೇಶದ ಗಿರಾಕಿಯೊಬ್ಬರು ಬಂದಾಗ ಟೇಪು ನೋಡಿ ಇದೇನು ಎಂದು ಕೇಳಿದರು. ನಮ್ಮ ಯಜಮಾನರು ಎದೆಯುಬ್ಬಿಸಿ, “ಈ ಕಡೆಯಿಂದ ಒಂದು ಕಣ ಸೀಸಾನೂ ಆ ಕಡೆ ದಾಟಲ್ಲ ಸಾರ್” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಗಿರಾಕಿಗೆ ಖುಷಿಯೋ ಖುಷಿ. ಟೇಪಿನ ಆಚೆಯೇ ನಿಂತು ಫೋಟೋ ತೆಗೆಸಿಕೊಂಡು ಹೋದರು.

ಅವರು ಹೋದ ಮೇಲೆ ಅಕ್ಕ ನನ್ನನ್ನು ಕರೆದು ಹೇಳಿದರು: “ಟೇಪ್ ಮಿಕ್ಕಿದ್ರೆ ನನ್ನ ಮೂಗಿನ ಸುತ್ತಾನೂ ಒಂಚೂರು ಅಂಟಿಸ್ಬಿಡಿ ಸಾರ್.”

ಇಲ್ಲ ಅಂತ ಬೇಕಾ?

ನಮಗೆ ಸ್ಕ್ರೂ ಕೊಡುವವನ ಅಂಗಡಿ ಕಾಮಾಕ್ಷಿಪಾಳ್ಯದಲ್ಲಿದೆ. ಅವನ ಸ್ಕ್ರೂಗಳಲ್ಲಿ ವಿಷ ಇಲ್ಲವೆಂದು ಬರೆಸಿಕೊಳ್ಳಲು ಹೋದೆ. ಅವನು ಲೆಟರ್‌ಹೆಡ್ ಎಳೆದುಕೊಂಡು, “ಇದೆ ಅಂತ ಬೇಕಾ ಸಾರ್, ಇಲ್ಲ ಅಂತ ಬೇಕಾ?” ಅಂದ.

“ಪರೀಕ್ಷೆ ಮಾಡಿಸಿ ಹೇಳ್ರೀ.”

“ಮಾಡ್ಸಿದ್ರೂ ನೀವು ಇಲ್ಲ ಅಂತಾನೇ ತಾನೇ ಬರೆಸ್ಕೊಳ್ಳೋದು?” ಎಂದು ಸೀಲು ಒತ್ತಿ ಕೊಟ್ಟು, ಕಾಫಿಯನ್ನೂ ಕುಡಿಸಿ ಕಳಿಸಿದ.

ಮೈಯೆಲ್ಲ ಉರಿದುಕೊಂಡು ಯಜಮಾನರಿಗೆ ಹೇಳಿದೆ. ಅದೇ ಉಸಿರಿನಲ್ಲಿ ಫ್ಯಾನಿನ ವಿಷಯವನ್ನೂ ಎತ್ತಿದೆ. ಅವರು ಮೆಚ್ಚಿಗೆಯಿಂದ ತಲೆಯಾಡಿಸಿದರು, ನನಗಲ್ಲ, ಸ್ಕ್ರೂನವನಿಗೆ. “ನೋಡ್ರೀ, ಎಷ್ಟ್ ಬೇಗ ಕೆಲ್ಸ ಮುಗ್ಸಿದಾನೆ. ನೀವೂ ಗಾಳಿ ಚೆನ್ನಾಗಿದೆ ಅಂತ ಒಂದು ಲೆಟರ್ ಹಾಕಿ, ಫ್ಯಾನ್ ಫ್ಯಾನ್ ಅಂತ ಯಾಕ್ ಒದ್ದಾಡ್ತೀರಾ?”

ಪರಿಸರ ದಿನ

ಪರಿಸರ ದಿನಕ್ಕೆ ಯಜಮಾನರು ದೊಡ್ಡ ಪ್ಲಾಸ್ಟಿಕ್ ಬ್ಯಾನರ್ ಕಟ್ಟಿಸಿ, ಪ್ಲಾಸ್ಟಿಕ್ ಕುಂಡದಲ್ಲಿ ಒಂದು ಗಿಡ ತಂದು ಸೀಸದ ಪಾಟಿನ ಪಕ್ಕದಲ್ಲೇ ಇಡಿಸಿದರು. “ಗಿಡ ಕೆಟ್ಟ ಗಾಳೀನೆಲ್ಲ ಎಳ್ಕೊಳುತ್ತಂತೆ. ಕರೆಂಟ್ ಬಿಲ್ಲೂ ಇಲ್ಲ” ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಪಾಟಿನ ಕಾವಿಗೆ ಗಿಡ ಬೇಗನೇ ಸುಟ್ಟು ಒಣಗಿತು. ಯಜಮಾನರು ನಿಜವಾಗಿಯೂ ನೊಂದುಕೊಂಡರು. ಏನಾಯಿತು, ಯಾಕೆ ಬಾಡಿತು, ಯಾರು ಜವಾಬ್ದಾರಿ ಎಂದು ನನ್ನಿಂದ ವರದಿ ಕೇಳಿದರು.

“ಗಿಡಕ್ಕಾದ್ರೂ ಕೇಳಿದ್ರಲ್ಲ ಬಿಡಿ” ಎಂದರು ಅಕ್ಕ.

ಫ್ಯಾನು ಬಂತು

ಕೊನೆಗೆ ಗಿರಾಕಿಯ ಕಡೆಯಿಂದ ಆಡಿಟ್ ಎಂದು ಸುದ್ದಿ ಬಂತು. ಪಾಟಿನ ಮೇಲೆ ಫ್ಯಾನು ಇರಲೇಬೇಕು, ಇಲ್ಲದಿದ್ದರೆ ಆರ್ಡರ್ ಇಲ್ಲ. ಅಕ್ಕನ ಮುಖ ಅರಳಿತು. ನನಗೂ ಸಮಾಧಾನವಾಯಿತು.

ಯಜಮಾನರು ಅಂಗಡಿಗೆ ಹೋಗಲಿಲ್ಲ, ಮೆಟ್ಟಿಲಿಳಿದು ಕೆಳಗಿನ ದರ್ಶಿನಿಗೆ ಹೋದರು. ಹೋಟೆಲಿನವರು ಅಡುಗೆಮನೆಯ ಫ್ಯಾನನ್ನೇ ಬಿಚ್ಚಿಕೊಟ್ಟರು. “ಸಂಜೆ ಬೋಂಡಾ ಹಾಕೋ ಹೊತ್ಗೆ ವಾಪಸ್ ಕೊಟ್ಬಿಡಿ ಸಾರ್, ಆ ಹೊಗೇಲಿ ಮನುಷ್ಯರು ನಿಲ್ಲೋಕಾಗಲ್ಲ” ಎಂದರು.

ಜಿಡ್ಡು ಹಿಡಿದ ರೆಕ್ಕೆಗಳನ್ನು ಅಕ್ಕನೇ ಪಾತ್ರೆ ಪುಡಿ ಹಾಕಿ ತಿಕ್ಕಿದರು. ಫ್ಯಾನು ತಿರುಗಿದಾಗ ಸ್ವಲ್ಪ ಹೊತ್ತು ಅದರ ಕೆಳಗೆ ಮುಖವೆತ್ತಿ ನಿಂತು, “ಚೆನ್ನಾಗಿ ಎಳೀತಿದೆ ಸಾರ್” ಎಂದರು. ಅದು ಸಂಜೆಯವರೆಗೆ ಮಾತ್ರ ಎಂದು ಅವರಿಗೂ ಗೊತ್ತಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ.

ಆಡಿಟ್ ಮೇಡಂ ಬಂದವರು ಮೂಗರಳಿಸಿ, “ಕ್ಯಾಂಟೀನ್ ಇದೆಯಾ ಇಲ್ಲಿ?” ಎಂದರು. “ಕೆಲಸಗಾರರ ಆರೋಗ್ಯ ನಮಗೆ ಮುಖ್ಯ ಮೇಡಂ” ಎಂದರು ಯಜಮಾನರು. ಆಮೇಲೆ ಆಕೆ ಫ್ಯಾನು ನಿಲ್ಲಿಸಿ, ಒಂದು ಒದ್ದೆ ಬಟ್ಟೆಯ ಚೂರಿನಿಂದ ರೆಕ್ಕೆ ಒರೆಸಿ ಚೀಲದಲ್ಲಿ ಹಾಕಿಕೊಂಡರು. ಇಲ್ಲಿಯ ಗಾಳಿಯಲ್ಲಿ ಎಷ್ಟು ಸೀಸ ಇದೆ ಎಂದು ತಿಳಿಯಲು, ರೆಕ್ಕೆಯ ಮೇಲೆ ಎಷ್ಟು ಕೂತಿದೆ ಎಂದು ಲ್ಯಾಬಿನಲ್ಲಿ ನೋಡುತ್ತಾರಂತೆ. ಯಜಮಾನರು ಬೆವತರು. ಸಂಜೆ ಫ್ಯಾನು ಬೋಂಡಾಕ್ಕೆ ಇಳಿಯಿತು.

ವರದಿ ಬಂತು. ಫ್ಯಾನಿನ ಮೇಲೆ ಸೀಸದ ಸುಳಿವೇ ಇಲ್ಲ. ಹೇಗೆ ಇರುತ್ತದೆ, ಅದು ಹುಟ್ಟಿದಾಗಿನಿಂದ ಎಳೆದದ್ದು ಬೋಂಡಾ ಹೊಗೆ. ನಮ್ಮದು ಮಾದರಿ ಘಟಕ ಎಂಬ ಹೊಗಳಿಕೆಯೂ ಜೊತೆಗಿತ್ತು. ಯಜಮಾನರು ಮೈಸೂರು ಪಾಕು ಹಂಚಿಸಿ, ವರದಿಗೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದರು. ಒಳ್ಳೆಯ ಗಳಿಗೆ ಎಂದುಕೊಂಡು ನಾನು ಮತ್ತೆ ಫ್ಯಾನು ಕೇಳಿದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. “ಸೀಸಾನೇ ಇಲ್ಲ ಅಂತ ಲ್ಯಾಬೇ ಹೇಳಿದೆ. ಇಲ್ದಿರೋ ಸೀಸಕ್ಕೆ ಫ್ಯಾನ್ ಯಾಕ್ರೀ?”

ಈ ಮಾತನ್ನು ಅಕ್ಕನಿಗೆ ಹೇಳುವ ಕೆಲಸವೂ ನನ್ನದೇ. ಅವರು ಪೊರೆ ಕೆರೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. ಬೈಯುತ್ತಾರೆಂದು ನಿಂತೇ ಇದ್ದೆ, ಬೈಯಲಿಲ್ಲ.

“ಮುಂದಿನ್ ಸಲ ನನ್ನ ರಕ್ತ ಟೆಸ್ಟ್ ಮಾಡ್ಬೇಕು ಅಂದ್ರೆ ಹೋಟ್ಲವ್ರನ್ನೇ ಕರ್ಕೊಂಡ್ಹೋಗಿ ಸಾರ್” ಎಂದರು. “ಸಂಜೆ ಬೋಂಡಾ ಹಾಕೋ ಹೊತ್ಗೆ ವಾಪಸ್ ಕಳಿಸಿದ್ರಾಯ್ತು.”