ಕಾಫಿ ಕಪ್ಪಿನ ಕಲೆ

ಎಲ್ಲದಕ್ಕೂ ಕಾರಣ ತೊಳೆಯದೆ ಬಿಟ್ಟ ಒಂದು ಪಿಂಗಾಣಿ ಕಪ್ಪು.

ತಿಲಕ್ ನಗರದ ಶಂಭುಲಿಂಗಪ್ಪನವರ ಹೆಂಡತಿ ಶಿವಬಸಮ್ಮ ಎಂಟು ತಿಂಗಳ ಹಿಂದೆ ಅದರಲ್ಲಿ ಕಾಫಿ ಕುಡಿದು, ಮೇಜಿನ ಅಂಚಿಗಿಟ್ಟು, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಕಪ್ಪಿನ ತಳದಲ್ಲಿ ಕಾಫಿಯ ಕಲೆ ಉಂಗುರದಂತೆ ಒಣಗಿ ಉಳಿಯಿತು. "ಅಂಚಿಗಿಡ್ಬೇಡ, ಬೀಳತ್ತೆ" ಎಂದು ಮೂವತ್ತೊಂದು ವರ್ಷ ಗದರಿದ್ದ ಮನುಷ್ಯನಿಗೆ ಈಗ ಅದನ್ನು ತೊಳೆಯಲು ಮನಸ್ಸಿಲ್ಲ, ಅಂಚಿನಿಂದ ಸರಿಸಲು ಧೈರ್ಯವಿಲ್ಲ.

ಜಯನಗರದ ಚಿತ್ರಕಲೆ ಕ್ಲಾಸಿಗೆ ತಮಗೆಂದು ಹೆಸರು ಬರೆಸಿದ್ದವರು ಶಿವಬಸಮ್ಮ. ಈಗ ಅವರ ಬದಲು ಹೋಗುತ್ತಿದ್ದವರು ಶಂಭುಲಿಂಗಪ್ಪನವರು. ಮೂರು ತಿಂಗಳು ಕಲಿತರೂ ಇವರ ಕೈಯಲ್ಲಿ ಯಾವ ಹಣ್ಣಾದರೂ ಆಲೂಗಡ್ಡೆಯೇ ಆಗುತ್ತಿತ್ತು. ಆದರೆ ಕಳೆದ ಭಾನುವಾರ ಟೀಚರ್ ಮೇಘಶ್ರೀ ಪೋಸ್ಟ್ ಇಂಪ್ರೆಷನಿಸ್ಟ್ ಶೈಲಿಯ ಪಾಠ ಶುರು ಮಾಡಿದಾಗ ಅವರ ಕಿವಿ ನೆಟ್ಟಗಾಯಿತು.

"ಈ ಸ್ಟೈಲಲ್ಲಿ ಟೇಬಲ್ ವಾಲಿದ್ರೂ ಪರ್ವಾಗಿಲ್ಲ ಅಂಕಲ್. ಒಂದೇ ಚಿತ್ರದಲ್ಲಿ ಕಪ್ಪನ್ನ ಪಕ್ಕದಿಂದಾನೂ ನೋಡ್ಬೋದು, ಮೇಲಿಂದ ಬಗ್ಗಿ ಒಳಗೂ ನೋಡ್ಬೋದು. ಕಣ್ಣಿಗೆ ಕಂಡಿದ್ದಲ್ಲ, ನಿಮಗೆ ಅನ್ಸಿದ್ದು ಬರ್ಲಿ."

ಒಳಗೂ ನೋಡಬಹುದು! ಅಂದರೆ ಕಲೆ ಕಾಣುತ್ತದೆ. ನಾಳೆ ಕಪ್ಪು ಬಿದ್ದು ಒಡೆದರೂ ಅವಳ ಕೊನೆಯ ಕಾಫಿ ಗೋಡೆಯ ಮೇಲೆ ಉಳಿಯುತ್ತದೆ.

ಈ ಭಾನುವಾರ ಬೆಳಿಗ್ಗೆ ಅವರು ಕಪ್ಪಿನ ಪಕ್ಕದಲ್ಲಿ ಹೆಂಡತಿಯ ಇಳಕಲ್ ಸೀರೆ ಹಾಸಿ, ತಟ್ಟೆಯಲ್ಲಿ ಮೂರು ಸೀಬೆಹಣ್ಣು ಇಟ್ಟರು. ಆಯಿಲ್ ಬಣ್ಣ ಕಲಸುವಷ್ಟರಲ್ಲಿ ಕೆಳಮನೆಯ ಅಮ್ಮಣ್ಣಿ ಕರಿಬೇವು ಕೇಳಲು ಬಂದರು. ಸೀರೆ, ಹಣ್ಣು, ಕಪ್ಪು ಕಂಡದ್ದೇ ಅವರ ಕಣ್ಣು ತುಂಬಿತು.

"ಶಿವಬಸಕ್ಕಂಗೆ ಎಡೆ ಇಟ್ಟಿದೀರಾ? ಒಂದ್ ಮಾತು ಹೇಳ್ಬಾರ್ದಿತ್ತಾ ಅಣ್ಣ!"

"ಎಡೆ ಅಲ್ಲಮ್ಮ, ಚಿತ್ರ ಬಿಡಿಸೋಕೆ..."

ಕೇಳುವವರಾರು? ಅಷ್ಟರಲ್ಲಿ ಊದುಬತ್ತಿ ಹೊತ್ತಿಕೊಂಡಿತ್ತು. ವಾಸನೆ ಹಿಡಿದು ಬಂದ ಮೇಲಿನ ಮನೆಯ ಉಗ್ರಪ್ಪ ಭಕ್ತಿಯಿಂದ ಕೈಮುಗಿದು, ಪ್ರಸಾದವೆಂದು ಒಂದು ಸೀಬೆಯನ್ನು ಕಚ್ಚಿಯೇ ಬಿಟ್ಟರು. "ಸಖತ್ತಾಗಿದೆ ಸಾರ್" ಎಂದು ಇನ್ನೊಂದನ್ನು ಮನೆಯವರಿಗೆಂದು ಜೇಬಿಗಿಳಿಸಿದರು. ಶಂಭುಲಿಂಗಪ್ಪನವರು ಉಳಿದ ಒಂದನ್ನೇ ಮೂರು ಸಲ ಬಿಡಿಸಿದರು.

ಮಧ್ಯಾಹ್ನ ಮೂರಕ್ಕೆ ಚಿತ್ರ ಮುಗಿಯಿತು. ಮೇಜು ವಾಲಿತ್ತು, ಸೀಬೆ ಎಂದಿನಂತೆ ಆಲೂಗಡ್ಡೆ. ಆದರೆ ಕಪ್ಪು ಅಂಚಿನಲ್ಲಿದ್ದೂ ಬೀಳದೆ ನಿಂತಿತ್ತು, ಒಳಗೆ ಆ ಕಂದು ಉಂಗುರ ಇದ್ದ ಹಾಗೇ ಬಂದಿತ್ತು. ಎಂಟು ತಿಂಗಳಲ್ಲಿ ಮೊದಲ ಸಲ ಅವರು ಬಾಯಿಬಿಟ್ಟು ಅತ್ತರು.

ಎಡೆ ತೆಗೆಯಲೆಂದು ಅಮ್ಮಣ್ಣಿ ಮತ್ತೆ ಬಂದಾಗ ಶಂಭುಲಿಂಗಪ್ಪನವರು ಸ್ನಾನಕ್ಕೆ ಹೊರಟಿದ್ದರು. ಉಗ್ರಪ್ಪನಂಥ ಇನ್ಯಾರಾದರೂ ಬಂದು ಕಪ್ಪು ಮುಟ್ಟಿಯಾರೆಂಬ ಭಯ.

"ಅಮ್ಮಣ್ಣಿ, ಕಪ್ಪಲ್ಲಿ ಕಲೆ ಇದೆ. ಸ್ವಲ್ಪ ನೋಡ್ಕೊಳಮ್ಮ."

"ನಾನಿಲ್ವಾ! ನೀವು ಹೋಗ್ಬನ್ನಿ ಅಣ್ಣ."

ತಲೆ ಒರೆಸಿಕೊಳ್ಳುತ್ತ ಬಂದರೆ ಕಪ್ಪು ಮೇಜಿನ ನಟ್ಟನಡುವೆ ಥಳಥಳ ಹೊಳೆಯುತ್ತಿತ್ತು.

"ಸೋಡಾ ಹಾಕಿ ತಿಕ್ಬೇಕಾಯ್ತಣ್ಣ. ಅಬ್ಬಾ, ಏನ್ ಹಟಮಾರಿ ಕಲೆ!"

ಶಂಭುಲಿಂಗಪ್ಪನವರು ಚಿತ್ರದ ಕಡೆ ಓಡಿದರು. ಹಿಂದಿನಿಂದ ಅಮ್ಮಣ್ಣಿಯ ದನಿ ಬಂತು.

"ಅಲ್ಲೂ ಇತ್ತಣ್ಣ, ಅದನ್ನೂ ಒರೆಸ್ಬಿಟ್ಟೆ. ಶಿವಬಸಕ್ಕ ಯಾವತ್ತಾದ್ರೂ ಕೊಳೆ ಕಪ್ ಇಟ್ಟಿದ್ರಾ?"

ಅಮ್ಮಣ್ಣಿಯ ಸೆರಗಿನ ತುದಿಗೆ ಕಂದು ಬಣ್ಣ ಮೆತ್ತಿತ್ತು. ಕಣ್ಣು ಇನ್ನೂ ಒದ್ದೆಯಾಗಿತ್ತು. ಇಟ್ಟಿರಲಿಲ್ಲ ಎಂಬುದು ಶಂಭುಲಿಂಗಪ್ಪನವರಿಗೂ ಗೊತ್ತು. ಬೈಯುವ ಬದಲು ಅವರು ಹಸಿ ಚಿತ್ರವನ್ನು ಹಾಗೇ ಎತ್ತಿಕೊಂಡು ಕ್ಲಾಸಿಗೆ ಹೊರಟರು.

ಸಂಜೆ ಕ್ಲಾಸಿನಲ್ಲಿ ಮೇಘಶ್ರೀ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು.

"ಅಂಕಲ್! ಎಲ್ಲಾ ಕಡೆ ಬಣ್ಣ, ಕಪ್ಪಿನ ಒಳಗೆ ಮಾತ್ರ ಖಾಲಿ! ಇದು ಅಂಕಲ್, ಕಲೆ ಅಂದ್ರೆ!"

"ಅಲ್ಲಿದ್ದಿದ್ದೇ ಒಂದು ಕಲೆ ಕಣಮ್ಮ," ಎಂದರು ಶಂಭುಲಿಂಗಪ್ಪನವರು. "ಅದೇ ಹೋಯ್ತು."