ಹಳದಿ ಲೋಹ, ಕೆಂಪು ಕಲ್ಲು ಒಂಬತ್ತು

ಗುರುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ಕೊಳ್ಳೇಗಾಲದ ನಮ್ಮ ಮನೆಯ ಹಾಲ್. ಹಾಜರಿದ್ದವರು ನಾನು, ನಮ್ಮ ಯಜಮಾನರು ಮತ್ತು ಬಿಳಿ ಟವೆಲಿನ ಮೇಲೆ ಮಲಗಿಸಿದ್ದ ಒಂದು ಮುತ್ತಿನ ಸರ. ಹೀಗೆ ಶುರುಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಗಂಟೆ ಬರೆಯದಿದ್ದರೆ ಯಾವ ಸಂಗತಿಯೂ ನನ್ನ ಪಾಲಿಗೆ ನಡೆದಂತೆಯೇ ಅಲ್ಲ. ನಿವೃತ್ತಿಯಾಗಿ ಹತ್ತು ವರ್ಷವಾದರೂ ಐದಕ್ಕೆ ಏಳುತ್ತೇನೆ, ಐದೂವರೆಗೆ ಹಾಸಿಗೆಯ ಹೊದಿಕೆಯ ಮೂಲೆ ಮಡಿಸುತ್ತೇನೆ. ಯಜಮಾನರು ಇನ್ನೂ ಅದರ ಮೇಲೆ ಮಲಗಿದ್ದರೆ ಅವರನ್ನೂ ಸೇರಿಸಿ ಮಡಿಸುತ್ತೇನೆ. ರಕ್ತ ಕಂಡು ಹೆದರಿದವಳಲ್ಲ, ಹೆಣದ ಕೋಣೆಗೆ ಒಬ್ಬಳೇ ಹೋಗಿಬಂದವಳು. ಆದರೆ ಒಂದು ಹೆದರಿಕೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಇನ್ನೊಬ್ಬರ ಒಡವೆ ನನ್ನ ವಶದಲ್ಲಿದೆ ಎಂದರೆ ನನಗೆ ಊಟ ಇಳಿಯುವುದಿಲ್ಲ.

ಆಪರೇಷನ್ನಿಗೆ ಕರೆದೊಯ್ಯುವ ಮೊದಲು ರೋಗಿಗಳ ಮೈಮೇಲಿನ ಒಡವೆ ಬಿಚ್ಚಿಸಿ, ಪಟ್ಟಿ ಮಾಡಿ, ಸಹಿ ಹಾಕಿ ಇಟ್ಟುಕೊಳ್ಳುವುದು ನಮ್ಮ ಕೆಲಸವಾಗಿತ್ತು. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಮೊದಲ ದಿನವೇ ಹೇಳಿದ್ದರು: ಚಿನ್ನ ಎಂದು ಎಂದೂ ಬರೆಯಬೇಡ, ‘ಹಳದಿ ಲೋಹ’ ಎಂದು ಬರಿ. ವಜ್ರ ಎನ್ನಬೇಡ, ‘ಬಿಳಿ ಕಲ್ಲು’ ಎನ್ನು. ನೀನು ನರ್ಸು, ಅಕ್ಕಸಾಲಿಯಲ್ಲ. ಆ ಮಾತನ್ನು ನಾನು ಇಂಜೆಕ್ಷನ್ನಿನಷ್ಟೇ ನಿಷ್ಠೆಯಿಂದ ಪಾಲಿಸಿದೆ. ಒಮ್ಮೆ ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ, ಎಂದರೆ ಕಾಡಿನ ಹಾಡಿಯಿಂದ, ಒಬ್ಬ ಅಜ್ಜಿ ಬಂದಿದ್ದರು, ಕೊರಳ ತುಂಬ ಗಾಜಿನ ಮಣಿಸರ. ಒಂದೊಂದು ಬಣ್ಣವನ್ನೂ ಬೇರೆ ಬೇರೆ ಎಣಿಸಿ ಬರೆಯುವಷ್ಟರಲ್ಲಿ ಡಾಕ್ಟರು ಎರಡು ಸಲ ಕೂಗಿದ್ದರು. ಮೂರನೆಯ ದಿನ ವಾಪಸು ಕೊಟ್ಟಾಗ ಅಜ್ಜಿ ಬೆರಳಿನಲ್ಲಿ ಒಂದೊಂದೇ ಮಣಿ ಸರಿಸಿ, “ನೀಲಿ ಒಂದು ಕಮ್ಮಿ ಅದೆ ಕಣವ್ವ” ಎಂದರು. ನಾನು ಮಂಡಿಯೂರಿ ಇಡೀ ವಾರ್ಡಿನ ಮಂಚಗಳ ಕೆಳಗೆ ತೆವಳಿ, ಗೋಡೆಯ ಬಿರುಕಿನಲ್ಲಿದ್ದ ಆ ಮಣಿಯನ್ನು ಸೂಜಿಯಿಂದ ಎತ್ತಿ ತಂದೆ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿದ ರೀತಿ ಇನ್ನೂ ಕಣ್ಣಲ್ಲಿದೆ. ಒಂದು ಕಲ್ಲಿಗೆ ಬೆಲೆ ಎಲ್ಲಿಂದ ಬರುತ್ತದೆ ಎಂಬ ವಿಷಯದಲ್ಲಿ ಆಮೇಲೆ ನಾನು ಯಾರ ಹತ್ತಿರವೂ ವಾದ ಮಾಡಿಲ್ಲ.

ಇಷ್ಟು ಜಾಗ್ರತೆಯವಳು ಹದಿನೈದು ದಿನದ ಹಿಂದೆ ಕಾಲು ಜಾರಿದೆ. ಯಜಮಾನರ ಅಕ್ಕ ಪುಟ್ಟತಾಯಮ್ಮನವರು ಯಳಂದೂರಿನಲ್ಲಿದ್ದಾರೆ. ನಾನು ಅತ್ತಿಗೆ ಎನ್ನುತ್ತೇನೆ. ಅವರ ಮನೆಗೆ ಟೈಲ್ಸ್ ಹಾಕಿಸುತ್ತಿದ್ದರು, ಒಳಗೆ ಹೊರಗೆ ಕೆಲಸದವರ ಓಡಾಟ. ಅದಕ್ಕೆ ತಮ್ಮ ತಾಯಿಯ ಕಾಲದ ಮುತ್ತಿನ ಸರವನ್ನು ನನ್ನ ಹತ್ತಿರ ಇಡಲು ತಂದರು. ತೊಂಬತ್ತಾರು ಮುತ್ತು, ಕೆಳಗೆ ಒಂಬತ್ತು ಕೆಂಪು ಕಲ್ಲು ಕೂರಿಸಿದ ಪದಕ. ಮೊಮ್ಮಗಳ ನಿಶ್ಚಿತಾರ್ಥ ಈ ಭಾನುವಾರ ಹನೂರಿನಲ್ಲಿ. ಅವತ್ತು ಹುಡುಗಿಯ ಕೊರಳಿಗೆ ಹಾಕಬೇಕಾದ್ದು ಇದೇ. ನಾನು ಅಭ್ಯಾಸದಂತೆ ಚೀಟಿ ಬರೆದು ಓದಿದೆ: “ಹಳದಿ ಲೋಹದ ಪದಕ ಒಂದು...” ಅತ್ತಿಗೆಗೆ ಎಲ್ಲಿತ್ತೋ ಸಿಟ್ಟು.

“ಅಳ್ದಿ ಲೋಹನಾ? ನಾನೇನು ಇತ್ತಾಳೆ ಚೊಂಬು ತಂದು ಮಡಗಿದ್ನಾ? ಸಿಸ್ಟ್ರವ್ವ, ಇದು ನಮ್ಮವ್ವನ ಸರ ಕಣವ್ವ!”

ನನಗೆ ನಾಚಿಕೆಯಾಯಿತು. ಆ ಚೀಟಿ ಹರಿದು, ‘ಅಪ್ಪಟ ಚಿನ್ನ, ಅಸಲಿ ಮುತ್ತು ತೊಂಬತ್ತಾರು, ಅಸಲಿ ಕೆಂಪು ಒಂಬತ್ತು’ ಎಂದು ದುಂಡಗೆ ಬರೆದು, ಸಹಿ ಹಾಕಿ, ಮಡಿಸಿ ಅವರ ಕೈಗಿತ್ತೆ. ಜೀವಮಾನದಲ್ಲಿ ಒಂದೇ ಒಂದು ಸಲ.

ಈಗ ಗುರುವಾರಕ್ಕೆ ಬರೋಣ. ಸಂಜೆ ಅತ್ತಿಗೆ ಸರ ಒಯ್ಯಲು ಬರುವವರಿದ್ದರು. ಕೊಡುವ ಮೊದಲು ಒರೆಸಿಡೋಣ ಎಂದು ತೆಗೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಮನೆಯಲ್ಲೇ ರತ್ನ ಪರೀಕ್ಷೆ ಮಾಡುವ ವಿಡಿಯೋ ಒಂದನ್ನು ಹಿಂದಿನ ದಿನವೇ ಯಾರೋ ನನ್ನ ಫೋನಿಗೆ ಕಳಿಸಿದ್ದರು. ಬಿಳಿ ಕಲ್ಲಿನ ಮೇಲೆ ಉಸಿರು ಬಿಟ್ಟರೆ ಅಸಲಿ ವಜ್ರದ ಮಬ್ಬು ತಟ್ಟನೆ ಆರುತ್ತದಂತೆ. ನನ್ನ ಕಿವಿಯ ಓಲೆಯ ಮೇಲೆ ಉಸಿರು ಬಿಟ್ಟು ನೋಡಿದ್ದೆ. ಮಳೆಗಾಲದ ಬಸ್ಸಿನ ಗಾಜಿನ ಹಾಗೆ ಮಬ್ಬು ಕೂತೇ ಇತ್ತು. ಮೂವತ್ತು ವರ್ಷ ಆ ಓಲೆಗಳನ್ನು ಎಷ್ಟು ಗೌರವದಿಂದ ಕಂಡಿದ್ದೆ! ಮುತ್ತಿಗೆ ಬೇರೆ ಪರೀಕ್ಷೆ. ಮುಂದಿನ ಹಲ್ಲಿಗೆ ಮೆಲ್ಲಗೆ ಉಜ್ಜಬೇಕು. ಅಸಲಿಯಾದರೆ ಸಣ್ಣ ಮರಳಿನಂತೆ ತರಿತರಿ ಎನ್ನಬೇಕು, ನಕಲಿಯಾದರೆ ನುಣ್ಣಗೆ ಜಾರುತ್ತದೆ. ಸ್ಪಿರಿಟ್ಟಿನಲ್ಲಿ ಕೈ ಒರೆಸಿಕೊಂಡು ಒಂದು ಮುತ್ತನ್ನು ಉಜ್ಜಿದೆ. ಜಾರಿತು. ಹತ್ತು ಉಜ್ಜಿದೆ. ಹತ್ತೂ ಜಾರಿದವು.

ಆರೂ ಇಪ್ಪತ್ತಕ್ಕೆ ನನ್ನ ನಾಡಿ ನಾನೇ ಹಿಡಿದು ನೋಡಿದೆ, ನೂರ ಹತ್ತು. ಸರ ನಕಲಿ. ಆದರೆ ಅಸಲಿ ಎಂದು ಬರೆದು ಸಹಿ ಹಾಕಿ ಪಡೆದವಳು ನಾನು. ಹನೂರಿನ ಬೀಗರ ಕಡೆಯ ಹೆಂಗಸರಲ್ಲಿ ಯಾರಾದರೂ ಒಬ್ಬರು ಹಲ್ಲಿಗೆ ಉಜ್ಜಿಯೇ ಉಜ್ಜುತ್ತಾರೆ. ಅಲ್ಲಿಂದ ಮಾತು ಯಳಂದೂರಿಗೆ, ಯಳಂದೂರಿನಿಂದ ನನ್ನ ಬಾಗಿಲಿಗೆ. “ಹದಿನೈದು ದಿನ ಸಿಸ್ಟರಮ್ಮನ ಮನೇಲಿತ್ತಂತೆ.” ಇಷ್ಟು ಸಾಕು. ಒಂದು ಬೇಳೆಕಾಳಿನ ತೂಕ ವ್ಯತ್ಯಾಸವಾಗದಂತೆ ಕಾಪಾಡಿಕೊಂಡ ಹೆಸರು ತೊಂಬತ್ತಾರು ಮುತ್ತಿನ ಮೇಲೆ ಜಾರಿಹೋಗುವುದನ್ನು ನಾನು ಕಣ್ಣಾರೆ ಕಂಡೆ.

“ಕಲ್ಲೂ ನೋಡಿಸಿಬಿಡ್ತೀನಿ, ಅಕ್ಕಸಾಲಿ ಆಚಾರ್ರ ಹತ್ತಿರ ಹೋಗಿಬರ್ತೀನಿ” ಎಂದೆ.

ಯಜಮಾನರು ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಕ ಹಾಕಿಕೊಂಡು ನಿವೃತ್ತರಾದವರು. ಯಾವುದಕ್ಕೂ ಗಾಬರಿಯಾಗುವವರಲ್ಲ. ಅವತ್ತು ಖಾಲಿ ಕಾಫಿ ಲೋಟವನ್ನೇ ಮತ್ತೆ ತುಟಿಗಿಟ್ಟರು. “ಕಲ್ಲು ಯಾಕೆ ನೋಡಿಸ್ತೀಯ? ಒಂಬತ್ತು ಅಂತ ಬರ್ದಿದ್ದೀಯ, ಒಂಬತ್ತು ಅವೆ. ಎಣಿಸಿ ಕೊಟ್ಬುಡು” ಎಂದರು. ನನ್ನ ಹೆದರಿಕೆ ಅವರಿಗೂ ಅಂಟಿತಲ್ಲ ಎಂದು ಮರುಕವಾಯಿತು.

ಒಂಬತ್ತೂವರೆಗೆ ಆಚಾರ್ರ ಅಂಗಡಿಯಲ್ಲಿದ್ದೆ. ಒಂದು ಗಲ್ಲಿಯಲ್ಲಿ ಎರಡು ಮಂಚದಷ್ಟು ಅಗಲದ ಅಂಗಡಿ. ಅವರ ಹೆಂಡತಿಯ ಮೂರೂ ಹೆರಿಗೆಗೆ ನಾನೇ ಇದ್ದವಳು, ಆದ್ದರಿಂದ ಸಲಿಗೆ.

“ಆಚಾರ್ರೆ, ಮೊದಲು ಬಾಗಿಲು ಸ್ವಲ್ಪ ಮುಂದೆ ಮಾಡಿ.”

“ಯಾಕ್ ಸಿಸ್ಟರಮ್ಮ, ಕದ್ದ ಮಾಲಾ?”

ನನಗೆ ನಗು ಬರಲಿಲ್ಲ. ವಿಷಯ ಹೇಳಿದೆ. ಆಚಾರ್ರು ಸರವನ್ನು ಅಂಗೈ ಮೇಲೆ ಸುರಿದುಕೊಂಡು, ಒಂದು ಮುತ್ತನ್ನು ತಮ್ಮ ಹಲ್ಲಿಗೆ ತಾಗಿಸಿ, ಇನ್ನೊಂದನ್ನು ತಾಗಿಸಿ, ನನ್ನ ಮುಖ ನೋಡಿದರು.

“ಯಾವ್ ಹಲ್ಗೆ ಉಜ್ಜಿದ್ರಿ?”

“ಮುಂದಿನ ಹಲ್ಲಿಗೇ.”

“ನಿಮ್ದೇನಾ?”

“ದುಡ್ಡು ಕೊಟ್ಟು ಕಟ್ಟಿಸಿಕೊಂಡಿದ್ದು, ಇನ್ನು ಯಾರದ್ದು?”

ಆಚಾರ್ರು ಸರ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. “ಕಟ್ಸಿದ್ ಹಲ್ಗೆ ಮುತ್ತು ಏನ್ ಯೋಳ್ತದಮ್ಮ? ಅದ್ಕೆ ಕೇಳ್ಸಬೇಕಲ್ಲ! ತೊಂಬತ್ತಾರೂ ಅಪ್ಪಟ. ಓಗಿ ನೆಮ್ದಿಯಾಗಿ ಊಟ ಮಾಡಿ.”

ಹೋಗಬಹುದಿತ್ತು. ಆದರೆ ಅರ್ಧ ಪರೀಕ್ಷೆ ಮಾಡಿ ರೋಗಿಯನ್ನು ಮನೆಗೆ ಕಳಿಸಿದವಳಲ್ಲ ನಾನು. “ಕೆಂಪೂ ನೋಡಿಬಿಡಿ” ಎಂದೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, ಆಮೇಲೆ ಅದನ್ನು ನನ್ನ ಕೈಗೇ ಕೊಟ್ಟರು. ಆಹಾ, ಅದೊಂದು ಬೇರೆ ಲೋಕ. ಹೊರಗಿನಿಂದ ದಾಳಿಂಬೆ ಬೀಜದಷ್ಟಿರುವ ಕಲ್ಲು, ಒಳಗೆ ನೋಡಿದರೆ ಸಂಜೆಯ ಆಕಾಶದಷ್ಟು ದೊಡ್ಡದು. ಅದರೊಳಗೆ ಮೋಡದ ಚೂರು, ಗೀರು, ಕೂದಲಿಗಿಂತ ಸಣ್ಣ ಎಳೆಗಳು. “ಆ ಎಳೇಗೆ ರೇಷ್ಮೆ ಅಂತೀವಿ” ಎಂದರು ಆಚಾರ್ರು. ರೇಷ್ಮೆ ಸೀರೆಯ ಈ ಊರಿನಲ್ಲಿ ಇಷ್ಟು ವರ್ಷ ಇದ್ದೂ ಕಲ್ಲಿನೊಳಗೆ ರೇಷ್ಮೆ ಇರುವುದು ನನಗೆ ಗೊತ್ತಿರಲಿಲ್ಲ. “ಇಂಥ ಕಲೆ ಇದ್ರೇನೆ ಭೂಮೀಲಿ ಹುಟ್ಟಿದ್ದು ಅಂತ ನಂಬ್ಕೆ. ಈಗ ಆ ನಡೂಕಿನದ ನೋಡಿ.”

ನಡುವಿನ ಕಲ್ಲನ್ನು ನೋಡಿದೆ. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಚೆಂದ. ಒಂದು ಕಲೆಯಿಲ್ಲ, ಗೀರಿಲ್ಲ, ತೊಳೆದಿಟ್ಟ ಆಪರೇಷನ್ ಕೋಣೆಯ ಹಾಗೆ. ನಾನು ನಂಬರ್ ಹಾಕುವುದಾದರೆ ಅದಕ್ಕೇ ಮೊದಲನೆಯದು. ಆಳದಲ್ಲಿ ಮಾತ್ರ ದುಂಡಗೆ ಒಂದೇ ಒಂದು ಗುಳ್ಳೆ, ಸೋಡದಲ್ಲಿ ಇರುತ್ತದಲ್ಲ, ಹಾಗೆ.

“ಗಾಜು” ಎಂದರು ಆಚಾರ್ರು. “ಹಿಂದೆ ಹೊಳ್ಯೋ ತಗಡು ಕೊಟ್ಟವ್ರೆ, ಅದಕ್ಕೇ ಹಂಗೆ ಉರೀತದೆ.”

“ಯಾವಾಗ ಕೂರಿಸಿದ್ದು? ಹಳೆಯದು ತಾನೆ? ಹದಿನೈದು ದಿನಕ್ಕಿಂತ ಹಳೆಯದು ಅಂತ ಬರೆದುಕೊಡಿ.”

“ಬಿಚ್ಚದೆ ಯೋಳಕಾಗಲ್ಲ. ಬಿಚ್ಚುದ್ರೂ ಬರ್ದುಕೊಡಲ್ಲ. ನಾನು ಬಾಯಲ್ಲಿ ಯೋಳೋನು ಸಿಸ್ಟರಮ್ಮ, ಬರ್ದು ಸಿಕ್ಕಾಕೊಳೋನಲ್ಲ.”

ಮನೆಗೆ ಬಂದು ವರದಿ ಒಪ್ಪಿಸಿದೆ. ಯಜಮಾನರು ಹಿತ್ತಲಿಗೆ ಹೋಗಿ, ಆಗಲೇ ನೀರು ಹಾಕಿದ್ದ ಕರಿಬೇವಿನ ಗಿಡಕ್ಕೆ ಇನ್ನೊಂದು ಬಿಂದಿಗೆ ಹಾಕಿದರು. ಒಂದು ಗಂಟೆಗೆ ಇಬ್ಬರೂ ತಟ್ಟೆಯ ಮುಂದೆ ಕೂತು ಎದ್ದೆವು. ಎರಡರಿಂದ ನಾಲ್ಕರವರೆಗೆ ನಾನು ನಡುಮನೆಯಲ್ಲಿ ಓಡಾಡಿದೆ. ಸುಮ್ಮನೆ ಕೊಟ್ಟುಬಿಡಲೇ? ಅಸಲಿ ಒಂಬತ್ತು ಎಂಬ ನನ್ನ ಅಕ್ಷರ ಯಳಂದೂರಿನ ಪೆಟ್ಟಿಗೆಯಲ್ಲಿದೆ. ಹೇಳಿಬಿಡಲೇ? ಕದ್ದವರೇ ಮೊದಲು ಹೇಳುವುದೂ ಉಂಟು ಎಂದುಕೊಂಡರೆ? ಆಸ್ಪತ್ರೆಯಲ್ಲಾಗಿದ್ದರೆ ಒಂದು ಮಾತ್ರೆ ಕೊಟ್ಟು ಮಲಗಿಸುವಂಥ ಸ್ಥಿತಿ.

ನಾಲ್ಕೂ ಇಪ್ಪತ್ತಕ್ಕೆ ಅತ್ತಿಗೆ ಬಂದರು. ಕೈಕಾಲು ತೊಳೆದುಕೊಳ್ಳುವವರೆಗೂ ನನಗೆ ತಡೆಯಲಾಗಲಿಲ್ಲ.

“ಅತ್ತಿಗೆ, ನಡುವಿನ ಕಲ್ಲು ಗಾಜು. ನಾನು ಮುಟ್ಟಿಲ್ಲ. ಚೀಟಿಯಲ್ಲಿ ಅಸಲಿ ಅಂತ ಬರೆದದ್ದು ನನ್ನ ತಪ್ಪು.”

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು. “ಯಾವ್ ಚೀಟಿ? ಓ, ಅದಾ! ಬೀರು ಕಾಲು ಅಲ್ಲಾಡ್ತಿತ್ತು, ಮಡ್ಸಿ ಅದ್ರಡೀಗ್ ಕೊಟ್ಟಿವ್ನಿ ಕಣವ್ವ.” ಆಮೇಲೆ ತಮ್ಮನ ಕಡೆ ತಿರುಗಿದರು. “ಲೇ, ನೀನು ಇವ್ಳಿಗೆ ಯೋಳೇ ಇಲ್ವೇನ್ಲಾ?”

ಯಜಮಾನರು ಕ್ಯಾಲೆಂಡರ್ ನೋಡುತ್ತಿದ್ದರು.

“ಇವ್ನಿಗೆ ಆಗ ಆರು ವರ್ಷ. ಅವ್ವ ಸರ ಬಿಚ್ಚಿ ದೇವ್ರ ಮುಂದೆ ಮಡಗಿದ್ಳು. ನಡೂಕಿನ ಕೆಂಪು ಅಲ್ಲಾಡ್ತಿತ್ತು. ಇವ್ನು ಕಿತ್ಕಂಡು ನುಂಗ್ಬುಟ್ಟ! ಅಪ್ಪ ಬಾರ್ಕೋಲು ತಕಂಡ್ರೆ ಅವ್ವ ಅಡ್ಡ ನಿಂತ್ಕಂಡ್ಳು, ‘ಒಡುದ್ರೆ ಕಲ್ಲು ಮೇಲಕ್ ಓಯ್ತದೆ’ ಅಂತ. ಮೂರ್ ದಿನ ಬಾಳೆಹಣ್ಣು ತಿನ್ಸಿದ್ದೇ ತಿನ್ಸಿದ್ದು. ಹಿತ್ಲಲ್ಲಿ ಕಡ್ಡಿ ಇಡ್ಕಂಡು ಕೂತು ಕೆದ್ಕಿ ಕೆದ್ಕಿ ನೋಡಿದ್ಯಾರು? ನಾನು! ಅನ್ನ ತಿನ್ನಕಾಯ್ತಿರ್ನಿಲ್ಲ ನಂಗೆ. ಬರ್ಲೇ ಇಲ್ಲ ಮುಂಡೇದು. ಕೊನೇಗೆ ಅವ್ವ ಆ ಜಾಗ್ಕೆ ಗಾಜು ಕೂರ್ಸಿದ್ಳು. ಇನ್ನೂ ಇವ್ನ ಹೊಟ್ಟೇಲೇ ಅದೆ.”

ನಾನು ಕುರ್ಚಿಯಲ್ಲಿ ಕೂತೆ. “ಹನೂರಿನವರು ಕೇಳಿದರೆ?” ಎಂದೆ.

“ಎಂಟು ಕಲ್ಲು ಕೂಸಿನ ಕೊರಳಲ್ಲಿ ಅವೆ, ಒಂಬತ್ನೇದು ನನ್ ತಮ್ಮನ ಹೊಟ್ಟೇಲದೆ, ಬೇಕಾದ್ರೆ ಅವ್ನನ್ನೂ ಕರ್ಕಂಡೋಗಿ ಅಂತೀನಿ. ಅದಿರ್ಲಿ ಸಿಸ್ಟ್ರವ್ವ, ಈಗ ಸ್ಕ್ಯಾನಿಂಗು ಅಂತ ಅದಲ್ಲ, ಒಂದ್ಸಲ ಮಾಡ್ಸು. ಸಿಕ್ಕುದ್ರೆ ಕೂಸಿಗೆ ಆಯ್ತದೆ.”

ಕಾಫಿ ಕುಡಿದು, ಸರವನ್ನು ರವಿಕೆಯೊಳಗೆ ಇಳಿಬಿಟ್ಟುಕೊಂಡು, ಐದೂ ಮುಕ್ಕಾಲರ ಬಸ್ಸಿಗೆ ಹೊರಟರು. ಹತ್ತಿಸಿ ವಾಪಸು ಬರುವಾಗ ಯಜಮಾನರು ರಸ್ತೆಯ ಮಧ್ಯೆ ನಿಂತರು.

“ನಾನು ನುಂಗಿರ್ಲಿಲ್ಲ ಕಣೆ.”

“ಮತ್ತೆ?”

“ಗೋಲಿಗೆ ಕೊಟ್ಬುಟ್ಟೆ. ಪಕ್ಕದ ಬೀದೀಲಿ ಒಬ್ಬನತ್ರ ಒಂದು ಗೋಲಿ ಇತ್ತು. ಒಳಗೆ ಹಸಿರು ಎಳೆ ಸುತ್ತಿಕೊಂಡಿತ್ತು. ಬಿಸಿಲಿಗೆ ಹಿಡಿದ್ರೆ... ಆ ಕೆಂಪಿಗಿಂತ ಸಾವಿರ ಪಾಲು ಚೆನ್ನಾಗಿತ್ತು. ಅಪ್ಪನ ಬಾರುಕೋಲಿಗೆ ಹೆದರಿ ನುಂಗಿದೆ ಅಂದೆ.”

“ಆ ಗೋಲಿ ಎಲ್ಲಿ?”

“ಮಾರನೇ ದಿನ ಆಟದಲ್ಲಿ ಸೋತೆ.” ಸ್ವಲ್ಪ ದೂರ ನಡೆದ ಮೇಲೆ ಹೇಳಿದರು: “ಅಕ್ಕಂಗೆ ಮಾತ್ರ ಯೋಳ್ಬೇಡ. ಮೂರು ದಿನ ಕೆದಕಿದ್ದಾಳೆ. ಈಗ್ಲೂ ಕೊಂದುಹಾಕ್ತಾಳೆ.”

ಎಪ್ಪತ್ತೆರಡು ವರ್ಷದ ಮನುಷ್ಯ ಬಸ್ಸು ಹೋದ ದಿಕ್ಕಿಗೆ ತಿರುಗಿ ತಿರುಗಿ ನೋಡುತ್ತಿದ್ದರು. ಬೆಳಗಿನ ಲೋಟವೂ, ಕರಿಬೇವಿನ ಗಿಡವೂ ಆಗ ನನಗೆ ಅರ್ಥವಾದವು. ಮಸೂರವಿಲ್ಲದೆ ಗಂಡನ ಮುಖದಲ್ಲಿ ನನ್ನ ಹೆದರಿಕೆಯನ್ನಷ್ಟೇ ಕಂಡಿದ್ದೆ, ಅವರದ್ದನ್ನು ಕಂಡಿರಲಿಲ್ಲ.

ಏಳು ಗಂಟೆಗೆ ಫೋನ್. ಅತ್ತಿಗೆ ಯಳಂದೂರು ತಲುಪಿದ್ದರು. “ಸ್ಕ್ಯಾನಿಂಗಿಗೆ ಎಸ್ರು ಬರ್ಸಿದ್ಯಾ? ಬರ್ಸಿ ಫೋನ್ ಮಾಡು, ಕಾಯ್ತಿರ್ತೀನಿ.” ಎದುರಿಗೆ ಯಜಮಾನರು ಎರಡೂ ಕೈ ಜೋಡಿಸಿ ನಿಂತಿದ್ದರು. “ಈಗಲೇ ಬರೆಸ್ತೀನಿ ಅತ್ತಿಗೆ” ಎಂದೆ. ರೋಗಿಗೆ ಮಾಡದ ಪರೀಕ್ಷೆಯನ್ನು ಮಾಡಿದೆ ಎಂದು ಬರೆದವಳಲ್ಲ, ಆದ್ದರಿಂದ ನಿಜವಾಗಿಯೇ ಮಾಡಿಸಬೇಕಾಯಿತು. ಸ್ಕ್ಯಾನಿಂಗ್ ಸೆಂಟರಿನಲ್ಲಿ ನನ್ನ ಕೈಕೆಳಗೆ ಕಲಿತ ಹುಡುಗಿಯೇ ಇದ್ದಾಳೆ, ಅವಳಿಗೇ ಫೋನ್ ಮಾಡಿದೆ.

“ಸರ್‌ಗೆ ಏನು ತೊಂದರೆ ಮೇಡಂ?”

“ಹೊಟ್ಟೆ.”

“ಎಷ್ಟು ದಿನದಿಂದ?”

“ಅರವತ್ತಾರು ವರ್ಷದಿಂದ.”

ಅವಳು ಶನಿವಾರ ಬೆಳಿಗ್ಗೆ ಎಂಟಕ್ಕೆ ಹೆಸರು ಬರೆದುಕೊಂಡಳು. “ಖಾಲಿ ಹೊಟ್ಟೇಲಿ ಕರ್ಕೊಂಡು ಬರಬೇಕು ಮೇಡಂ, ಏನೂ ಇರಬಾರದು” ಎಂದಳು. ಏನೂ ಇಲ್ಲ ಎಂಬುದನ್ನು ನನ್ನಷ್ಟು ಖಚಿತವಾಗಿ ಬಲ್ಲವರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. “ಆಯ್ತಮ್ಮ” ಎಂದು ಫೋನ್ ಇಟ್ಟೆ. ಗಂಟೆ ಏಳೂ ಇಪ್ಪತ್ತೈದು.