ಅಕ್ಕಡಿ ಸಾಲಿನ ಇಂಜಿನಿಯರಿಂಗ್ ಸೀಟು

ಸರಕಾರ ಹೊಸದೇನಾದರೂ ತಂದರೆ ನಮ್ಮ ಕಡೆಯ ಮಂದಿ ಅದನ್ನು ತಮ್ಮ ಮೈಯಳತೆಗೆ ಹೊಲಿಸಿಕೊಳ್ಳದೆ ಬಿಡುವುದಿಲ್ಲ. ಎಂಬತ್ತರ ದಶಕದಲ್ಲಿ ನಾನು ಶಲವಡಿ ಹತ್ತಿರದ ಹಳ್ಳಿಯೊಂದರ ಜೂನಿಯರ್ ಕಾಲೇಜಿನಲ್ಲಿ ಫಿಜಿಕ್ಸ್ ಮಾಸ್ತರ. ಇಂಜಿನಿಯರಿಂಗ್ ಸೀಟಿಗೆ ಪ್ರವೇಶ ಪರೀಕ್ಷೆ ಆಗಷ್ಟೇ ಬಂದಿತ್ತು. ಅದರಿಂದ ನನ್ನ ತಲೆಗೂದಲು ಎಷ್ಟು ಹೋಯಿತೋ, ನಗುವೂ ಅಷ್ಟೇ ಸಿಕ್ಕಿತು.

೧. ನಾಲ್ಕು ಉತ್ತರ

ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ ಇರುತ್ತವೆ, ಸರಿಯಾದ ಒಂದಕ್ಕೆ ಗುರುತು ಹಾಕಬೇಕು ಎಂದು ಒಂದು ವಾರ ಹೇಳಿದೆ. ಆಮೇಲೆ ಅಭ್ಯಾಸಕ್ಕೆಂದು ನಾನೇ ಒಂದು ಪೇಪರು ತೆಗೆದೆ. ಹಿಂದಿನ ಬೆಂಚಿನವನೊಬ್ಬ ಪ್ರತಿ ಪ್ರಶ್ನೆಗೂ ನಾಲ್ಕಕ್ಕೆ ನಾಲ್ಕೂ ಗುರುತು ಹಾಕಿ ಕೊಟ್ಟ.

“ಏನಲೇ ಇದು?”

“ನೀವು ಇಷ್ಟು ಪ್ರೀತಿಲೆ ನಾಕು ಬಡಿಸೀರಿ ಸರ್. ಮೂರು ಹಂಗ ಬಿಟ್ಟು ಏಳಾಕ ಮನಸ್ಸಾಗಲಿಲ್ರಿ.”

೨. ಒಬ್ಬಳ ಫೋಟೋ

ಆ ವರ್ಷ ನನಗೆ ಪೂರಾ ಭರವಸೆ ಇದ್ದದ್ದು ಒಬ್ಬಳ ಮೇಲೆ, ನಮ್ಮೂರ ಗೌಡರ ಮಗಳ ಮೇಲೆ. ಗಣಿತ ಅಂದರೆ ಆಕೆಗೆ ಊಟ ಬೇಡ. ಗೌಡರು ಮಾತ್ರ ಬಿಗಿ. “ಪರೀಕ್ಷಾ ಬರೀಲಿ ಬಿಡ್ರಿ. ಹಾಸ್ಟೆಲ್‌ಗೆ ಕಳಸೂ ಮಾತು ಈಗ ಬ್ಯಾಡ” ಎಂದುಬಿಟ್ಟಿದ್ದರು. ಹುಡುಗಿಗೆ ಪರೀಕ್ಷೆಯ ಹೆದರಿಕೆ ಇರಲಿಲ್ಲ, ಅಪ್ಪನ ಹೆದರಿಕೆ ಇತ್ತು.

ಅರ್ಜಿಗೆ ಫೋಟೋ ಬೇಕು ಎಂದೆ. ಗೌಡರು ಅಣ್ಣಿಗೇರಿಯ ಸ್ಟುಡಿಯೋಕ್ಕೆ ಹೋಗಿ ತಂದುಕೊಟ್ಟರು. ನೋಡಿದರೆ ಮನೆಯ ಒಂಬತ್ತು ಮಂದಿ ಸಾಲಾಗಿ ಕುಳಿತಿದ್ದಾರೆ, ನಡುವೆ ಅಜ್ಜಿ.

“ಹುಡುಗಿ ಒಬ್ಬಾಕಿದ ಬೇಕಾಗಿತ್ತಲ್ರಿ ಗೌಡ್ರ.”

“ಒಬ್ಬಾಕಿದ ತಗಸಿದ್ರ, ವರಾ ಹುಡುಕಾಕ ಹತ್ಯಾರ ಅಂತ ನಾಳೆ ಮನಿ ಮುಂದ ಬೀಗರು ಬಂದು ಕುಂದರ್ತಾರ್ರಿ!”

ಆಕೆಯ ಮುಖವಷ್ಟನ್ನೇ ಕತ್ತರಿಸೋಣ ಎಂದರೆ, ಬದುಕಿರುವವರ ನಡುವೆ ಕತ್ತರಿ ಆಡಿಸಬಾರದು ಎಂದು ಅಜ್ಜಿ ಅಡ್ಡಬಂದರು. ಕೊನೆಗೆ ನಾನೇ ಹುಡುಗಿಯನ್ನೂ ಅಜ್ಜಿಯನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬೇರೆ ಫೋಟೋ ತೆಗೆಸಿದೆ. ಅದರಲ್ಲೂ ಹುಡುಗಿಯ ಹೆಗಲ ಮೇಲೆ ಅಜ್ಜಿಯ ಕೈ ಇತ್ತು.

೩. ಗೌಡರ ಬಿತ್ತನೆ

ಪರೀಕ್ಷೆ ಹುಬ್ಬಳ್ಳಿಯಲ್ಲಿ. ಗೌಡರೂ ನಾನೂ ಜೊತೆಗೆ ಹೋಗಿದ್ದೆವು. ಬೆಳಗಿನ ಪೇಪರು ಮುಗಿಸಿ ಬಂದ ಹುಡುಗಿ ರೊಟ್ಟಿ ಮುರಿಯುತ್ತಾ, “ಕಡೀಕ ಹದಿನೈದು ಪ್ರಶ್ನೆಕ್ಕ ಟೈಮ್ ಸಾಲಲಿಲ್ಲಪ್ಪಾ, ಅಂದಾಜಿಲೆ ಹಾಕಿದೆ” ಎಂದಳು. ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ಗೌಡರು ಮಾತ್ರ ನಿಶ್ಚಿಂತೆಯಿಂದ ಚಟ್ನಿ ಹಚ್ಚಿಕೊಂಡರು.

“ಅಂದಾಜು ಯಾಕಬೇ? ಹೊಲದಾಗ ಹೆಂಗ ಅಕ್ಕಡಿ ಬಿತ್ತತೀವಿ? ನಾಕು ಸಾಲು ಹತ್ತಿ, ಒಂದು ಸಾಲು ತೊಗರಿ. ಹತ್ತಿ ಕೈಕೊಟ್ರ ತೊಗರಿ ಹಿಡೀತೈತಿ. ಮಧ್ಯಾಹ್ನದ ಪೇಪರಿನ್ಯಾಗ ತಿಳೀದಿದ್ದಕ್ಕ ನಾಕು ಸಲ ಮೊದಲನೇದು ಹಾಕು, ಐದನೇದಕ್ಕ ಮೂರನೇದು. ಯಾವುದರ ಒಂದು ಪೀಕು ಕೈಗೆ ಬರಾಕಬೇಕು.”

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಫಲಿತಾಂಶ ಬಂತು. ಸೀಟು ಸಿಕ್ಕಿತು! ಗೌಡರು ಊರಿಗೆಲ್ಲ ಪೇಢೆ ಹಂಚಿದರು. “ಕಲಿಸಿದ್ದು ಮಾಸ್ತರ, ಬಿತ್ತಿದ್ದು ನಾ” ಎಂದು ಮೊರಬದ ಬೀಗರ ತನಕ ಸುದ್ದಿ ಮುಟ್ಟಿಸಿದರು. ಹಾಸ್ಟೆಲಿಗೆ ಗಾದಿ, ಟ್ರಂಕು, ಸಾಬೂನು ಎಲ್ಲ ಅವರೇ ನಿಂತು ಖರೀದಿ ಮಾಡಿದರು.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಹುಡುಗಿ ನನ್ನ ಕಾಲಿಗೆ ನಮಸ್ಕಾರ ಮಾಡಿ ಮೆಲ್ಲಗೆ ಹೇಳಿದಳು: “ಸರ್, ಮಧ್ಯಾಹ್ನ ಒಂದೂ ಅಕ್ಕಡಿ ಹಾಕಿಲ್ರಿ. ಎಲ್ಲಾ ಲೆಕ್ಕಾ ಬಿಡಿಸೇ ಬರದೀನಿ. ಸೀಟು ತಾ ಬಿತ್ತಿದ ಪೀಕು ಅಂತ ಅಪ್ಪ ತಿಳಕೊಂಡಾನ, ಅದಕ್ಕ ಹಾಸ್ಟೆಲ್‌ಗೆ ಬಿಡಾಕ ಹತ್ಯಾನ. ನಿಮ್ಮ ಕಾಲ ಬೀಳ್ತೀನಿ, ಹೇಳಬ್ಯಾಡ್ರಿ.”

ನನಗೆ ಕಣ್ಣು ತುಂಬಿತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮರುವರ್ಷ ನನ್ನ ತರಗತಿ ಅರ್ಧ ಖಾಲಿ. ಕಾರಣ ತಿಳಿಯಲೆಂದು ಹೊರಟರೆ, ಗೌಡರ ಕಟ್ಟೆಯ ಮೇಲೆ ಹುಡುಗರೂ ಅವರ ಅಪ್ಪಂದಿರೂ ಪಾಟಿ-ಬಳಪ ಹಿಡಿದು ಕುಳಿತಿದ್ದಾರೆ! ಗೌಡರು ಸುಣ್ಣದಕಡ್ಡಿಯಿಂದ ಅಕ್ಕಡಿ ಸಾಲು ಎಳೆಯುತ್ತಿದ್ದರು. ನನ್ನನ್ನು ಕಂಡು ಪ್ರೀತಿಯಿಂದ ಬಾಜು ಜಾಗ ಮಾಡಿಕೊಟ್ಟರು.

“ಬರ್ರಿ ಮಾಸ್ತರ, ಕುಂದರ್ರಿ. ಒಂದು ಪಾಟಿ ನೀವೂ ತಗೋರಿ. ಎಷ್ಟು ದಿನಾ ಅಂತ ಬರೇ ಫಿಜಿಕ್ಸ್ ನಂಬಿಕೊಂಡು ಇರ್ತೀರಿ?”